ಎರಡನೇ ವರ್ಷದ ದುಭಾಷಿ

ಪಾಠ ಹೇಳಲು ಕಾಲೇಜಿಗೆ ಸೇರಿದ ಮೊದಲ ವಾರದಿಂದಲೂ ನಾನೊಂದು ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದೇನೆ. ಅಂಥ ಭಯಂಕರ ಗುಟ್ಟೇನಲ್ಲ. ನನಗೆ ಕನ್ನಡ ಬರುತ್ತದೆ, ಅಷ್ಟೆ.

ಬರುತ್ತದೆ ಅನ್ನುವುದೇನು, ಅದೇ ನನ್ನ ಮನೆಮಾತು. ನಮ್ಮಪ್ಪ ಮಂಡ್ಯದ ಕಡೆಯಿಂದ ಹೊಸೂರಿನ ವಾಚ್ ಫ್ಯಾಕ್ಟರಿಗೆ ಬಂದು ಸೇರಿದವರು. ನಾನು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು. ಮೂರರಲ್ಲೂ ಸಮನಾಗಿ ಜಗಳ ಆಡಬಲ್ಲೆ. ಆದರೆ ಹೊಸೂರಿನ ಹೊರಗಿರುವ ನಮ್ಮ ಕಾಲೇಜಿನಲ್ಲಿ ಗಣಿತ ಪಾಠ ಶುರುಮಾಡಿದ ಮೂರನೆಯ ದಿನ, ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾಗ, ಹಿಂದಿನ ಬೆಂಚಿನಿಂದ ಒಂದು ಪಿಸುಮಾತು ಕೇಳಿಸಿತು.

"ನಮ್ಮನೆ ಬಾಗ್ಲು ಕರ್ಟನ್ನೂ ಇದೇ ಬಟ್ಟೆ ಕಣ್ಲಾ."

ಹೊಸ ಸೀರೆ ಅದು. ತಿರುಗಿ ನಾಲ್ಕು ಬಿಡೋಣ ಅಂತ ಸೀಮೆಸುಣ್ಣ ಬಿಗಿಹಿಡಿದೆ. ಆಮೇಲೆ ಹೊಳೆಯಿತು, ಇವತ್ತು ಬೈದರೆ ಇವತ್ತಿಗೇ ಮುಗಿಯಿತು. ಸುಮ್ಮನಿದ್ದರೆ ನಾಳೆಯೂ ಕೇಳಿಸುತ್ತದೆ. ಅವತ್ತಿನಿಂದ ಕ್ಲಾಸಿನಲ್ಲಿ ತಮಿಳು, ಇಂಗ್ಲಿಷು ಬಿಟ್ಟು ನನ್ನ ಬಾಯಿಂದ ಬೇರೆ ಮಾತು ಬಿದ್ದಿಲ್ಲ. ಅಮ್ಮ ಫೋನ್ ಮಾಡಿದರೂ ಹೊರಗೆ ಹೋಗಿ ಕಾರಿನಲ್ಲಿ ಕೂತು ಮಾತಾಡುತ್ತಿದ್ದೆ.

ಇದರಿಂದ ಆದ ಲಾಭ ಹೇಳತೀರದು. ನನಗೆ ಕುಕ್ಕರ್ ಅಂತ ಹೆಸರಿಟ್ಟಿರುವುದು ಗೊತ್ತಾಯಿತು. ಮೂರು ಸಲ ಕೂಗಿ ಆಮೇಲೆ ತಣ್ಣಗಾಗುತ್ತೇನಂತೆ. "ಇನ್ನೊಂದು ಸೀಟಿ ಬಾಕಿ ಐತೆ ಕಣ್ಲಾ, ತಡಿ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳುವುದನ್ನು ಕೇಳಿಸಿಕೊಂಡು, ಎರಡೇ ಸಲ ಕೂಗಿ ನಿಲ್ಲಿಸಿಬಿಡುತ್ತಿದ್ದೆ. ಪಾಪ, ಇಡೀ ಪೀರಿಯಡ್ಡು ಮೂರನೆಯದಕ್ಕೆ ಕಾಯುತ್ತಾ ಕೂತಿರುತ್ತಿದ್ದವು. ಶುಕ್ರವಾರ ಎಲ್ಲರೂ ಸೇರಿ ಸಿನಿಮಾಕ್ಕೆ ಹೋಗುವುದು ಅಂತ ಕನ್ನಡದಲ್ಲಿ ತೀರ್ಮಾನವಾದರೆ, ಶುಕ್ರವಾರ ಟೆಸ್ಟ್ ಅಂತ ತಮಿಳಿನಲ್ಲಿ ಪ್ರಕಟಣೆಯಾಗುತ್ತಿತ್ತು. ಮೇಡಮ್ಮಿನ ಮೈಮೇಲೆ ಯಾವುದೋ ದೇವರು ಬರುತ್ತದೆ ಅಂತ ಹುಡುಗರು ನಂಬಿದ್ದರು. ನಾನು ಅದನ್ನೂ ಅಲ್ಲಗಳೆಯಲಿಲ್ಲ.

ಇಂಥ ನನಗೆ, ನಮ್ಮ ವಿಭಾಗದ ಮುಖ್ಯಸ್ಥರು ಒಂದು ಜೂನ್ ತಿಂಗಳಲ್ಲಿ ಎರಡನೇ ವರ್ಷದವರ ಮೆಂಟರ್ ಕೆಲಸ ಹೊರಿಸಿದರು. ಹದಿನೆಂಟು ಮಕ್ಕಳು, ಒಂದು ಹಸಿರು ಫೈಲು, ಒಬ್ಬೊಬ್ಬರಿಗೂ ಒಂದೊಂದು ಫಾರಂ. ನಿನ್ನ ಶಕ್ತಿ ಏನು, ದೌರ್ಬಲ್ಯ ಏನು, ಐದು ವರ್ಷದಲ್ಲಿ ಎಲ್ಲಿರುತ್ತೀಯ. ಒಬ್ಬ ಹುಡುಗ ಶಕ್ತಿ ಅಂದಲ್ಲಿ ಕಬಡ್ಡಿ ಅಂತಲೂ, ದೌರ್ಬಲ್ಯ ಅಂದಲ್ಲಿ ಬಿರಿಯಾನಿ ಅಂತಲೂ ಬರೆದು ಕೊಟ್ಟ. ಆ ಫೈಲಿನಲ್ಲಿ ಪ್ರಾಮಾಣಿಕವಾದ ಫಾರಂ ಅಂದರೆ ಅದೊಂದೇ.

ಎರಡನೇ ವರ್ಷದವರ ಪಾಡು ಯಾರಿಗೂ ಬೇಡ. ಮೊದಲ ವರ್ಷದವರು ಬಂದರೆ ಬಾಗಿಲಲ್ಲಿ ಗುಲಾಬಿ ಹೂವು, ಮಧ್ಯಾಹ್ನ ಕೇಸರಿಬಾತು, ಊರು ಬಿಟ್ಟು ಬಂದಿದ್ದೀರಿ, ಬೇಜಾರಾದರೆ ಹೇಳಿ ಅಂತ ಭಾಷಣ. ಕೊನೆಯ ವರ್ಷದವರಿಗೆ ಕಂಪನಿಯವರು ಬರುತ್ತಾರೆ, ಟೈ ಕಟ್ಟುವುದು ಹೇಗೆ ಅಂತ ಕೂಡ ಹೇಳಿಕೊಡುತ್ತಾರೆ. ನಡುವಿನವರು ನಡುಮಕ್ಕಳ ಹಾಗೆ. ಅತ್ತರೆ ದೊಡ್ಡವನಾದೆ ಅನ್ನುತ್ತಾರೆ, ಏನಾದರೂ ಕೇಳಿದರೆ ನೀನಿನ್ನೂ ಚಿಕ್ಕವನು ಅನ್ನುತ್ತಾರೆ. ಈ ಮಾತನ್ನು ನಾನು ಸಭೆಯಲ್ಲಿ ಹೇಳಿದ್ದಕ್ಕೇ ಆ ಫೈಲು ನನ್ನ ಕೈಗೆ ಬಂದದ್ದು. ಬಾಯಿದ್ದವಳಿಗೆ ಕೆಲಸ.

ಹದಿನೆಂಟರಲ್ಲಿ ಹದಿನೇಳು ಮಕ್ಕಳು ಹೇಗೋ ದಡ ಸೇರುವಂಥವೇ. ನನಗೆ ಚಿಂತೆ ಹಚ್ಚಿದವಳು ಒಬ್ಬಳು. ನಾಟ್ರಾಂಪಾಳ್ಯದ ಹುಡುಗಿ. ಅಂಚೆಟ್ಟಿ ದಾಟಿ ಕಾಡಿನೊಳಗೆ ಇರುವ ಊರು. ಅವಳ ಬೀದಿಯಿಂದ ಕಾಲೇಜಿಗೆ ಬಂದ ಮೊದಲ ಹೆಣ್ಣು ಇವಳೇ. ಹನ್ನೆರಡನೇ ಕ್ಲಾಸಿನಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದಿದ್ದಳು. ಮೊದಲ ಸೆಮಿಸ್ಟರಿನಲ್ಲೇ ಎರಡು ಪೇಪರ್ ಬಿದ್ದವು, ಎರಡನೆಯದನ್ನು ಹೇಗೋ ದಾಟಿದಳು. ನಮ್ಮ ಕಡೆ ಇದಕ್ಕೆ ಅರಿಯರ್ ಅನ್ನುತ್ತಾರೆ. ಪಾಸಾಗುವ ತನಕ ಬೇತಾಳದ ಹಾಗೆ ಬೆನ್ನು ಬಿಡುವುದಿಲ್ಲ. ಎರಡನೇ ವರ್ಷ ಶುರುವಾದ ಮೇಲಂತೂ ಅವಳು ನನ್ನ ಕ್ಲಾಸಿಗೆ ಬರುವುದನ್ನೇ ಕಡಿಮೆ ಮಾಡಿದಳು. ಹಾಸ್ಟೆಲಿನಿಂದ ಹೊರಡುತ್ತಿದ್ದಳು, ಕ್ಲಾಸಿಗೆ ತಲುಪುತ್ತಿರಲಿಲ್ಲ.

ಎಲ್ಲಿಗೆ ಹೋಗುತ್ತಾಳೆ ಅನ್ನುವುದು ನನ್ನ ಗುಟ್ಟಿನ ಕಿವಿಗೇ ಬಿತ್ತು. ಕ್ಯಾಂಟೀನಿನಲ್ಲಿ ಅವಳ ರೂಮಿನ ಹುಡುಗಿ ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಇವತ್ತೂ ಬಸ್ಸು ಹತ್ಕೊಂಡು ರಾಯಕೋಟೆಗೆ ಹೋಗ್ಬುಟ್ಟವ್ಳೆ. ಕೋಟೆ ಮೇಲೆ ಕುಂತ್ಕೊಂಡು ಸಾಯಂಕಾಲ ಬತ್ತಾಳೆ. ಜೊತೇಲಿ ಯಾರೂ ಇಲ್ಲ ಕಣಮ್ಮಿ, ಒಬ್ಳೇ."

ಯಾರಾದರೂ ಜೊತೆಗಿದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಪ್ರೀತಿ ಗೀತಿ ಅಂದರೆ ಅದಕ್ಕೊಂದು ಮದ್ದು ಇದೆ, ಪರೀಕ್ಷೆ ಹತ್ತಿರ ಬಂದರೆ ಅರ್ಧ ವಾಸಿಯಾಗುತ್ತದೆ. ಒಬ್ಬಳೇ ಹೋಗಿ ಬೆಟ್ಟದ ಮೇಲಿನ ಆ ಕೋಟೆಯಲ್ಲಿ ಕೂರುವವಳಿಗೆ ಏನು ಮಾಡುವುದು. ಕರೆದು ಕೇಳಿದೆ, ತಮಿಳಿನಲ್ಲಿ. ನೆಲ ನೋಡಿದಳು. ಇನ್ನೊಮ್ಮೆ ಕೇಳಿದೆ. ಮತ್ತೂ ನೆಲವನ್ನೇ ನೋಡಿದಳು. ಮೂರನೆಯ ಸೀಟಿ ಹೊಡೆದೇಬಿಟ್ಟೆ: "ಹೋಗು, ನಿಮ್ಮಪ್ಪನನ್ನು ಕರೆದುಕೊಂಡು ಬಾ."

ನಮ್ಮ ಕಾಲೇಜಿನಲ್ಲಿ ಅಪ್ಪನನ್ನು ಕರೆತರುವುದು ಅಂದರೆ ಅದೊಂದು ಕಲೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ಒಬ್ಬನೇ ನನ್ನ ಎದುರು ಮೂವರು ಹುಡುಗರ ಅಪ್ಪನಾಗಿ ಬಂದು ಕೂತಿದ್ದಾನೆ. ಮೂರನೆಯ ಸಲ ನಾನೇ ಅವನಿಗೆ, ನಿಮ್ಮ ಸಂಸಾರ ದೊಡ್ಡದು ಅಂದೆ. ಹಾಗಾಗಿ ಇವಳು ಯಾರನ್ನು ಕರೆತರುತ್ತಾಳೋ ಅಂತ ಕುತೂಹಲದಿಂದಲೇ ಕಾದಿದ್ದೆ.

ಬಂದವರು ನಿಜವಾದ ಅಪ್ಪನೇ. ಅದೇ ಅಗಲ ಹಣೆ, ಅದೇ ನೆಲ ನೋಡುವ ಅಭ್ಯಾಸ. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕಂಕುಳಲ್ಲಿ ನೀಟಾಗಿ ಮಡಿಸಿದ ಒಂದು ಖಾಲಿ ಗೋಣಿಚೀಲ. ಹೊಸೂರಿನ ಸಂತೆಯಲ್ಲಿ ಏನೋ ಕೊಳ್ಳುವುದಿದೆ ಅಂದುಕೊಂಡೆ. ಕೈ ಮುಗಿದು ಕೂತರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

"ನಮ್ಮಪ್ಪನಿಗೆ ತಮಿಳು ಸರಿಯಾಗಿ ಬರುವುದಿಲ್ಲ ಮೇಡಂ" ಅಂದಳು ಹುಡುಗಿ ನನಗೆ ತಮಿಳಿನಲ್ಲಿ. "ಸಂತೆಯಲ್ಲಿ ರೇಟು ಕೇಳುವಷ್ಟು ಬರುತ್ತದೆ. ಆಫೀಸಿನ ತಮಿಳು ತಿಳಿಯುವುದಿಲ್ಲ. ರೇಷನ್ ಆಫೀಸು, ಬ್ಯಾಂಕು, ಎಲ್ಲ ಕಡೆ ನಾನೇ ಹೇಳುವುದು."

ಇದು ನಮ್ಮ ಸೀಮೆಯಲ್ಲಿ ಹೊಸತಲ್ಲ. ಸ್ಕೂಲಿಗೆ ಹೋಗುವ ಮಗುವೇ ಮನೆಯವರಿಗೆಲ್ಲ ದುಭಾಷಿ. ಎಂಟು ವರ್ಷದ ಮಕ್ಕಳು ತಹಸೀಲ್ದಾರರ ಎದುರು ನಿಂತು ಅಜ್ಜನ ಪಿಂಚಣಿ ವಿಚಾರಿಸುವುದನ್ನು ನಾನು ನೋಡಿದ್ದೇನೆ. ಸರಿ ಅಂದೆ. ನಾನು ಕನ್ನಡದಲ್ಲೇ ಮಾತಾಡಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಕಾಪಾಡಿಕೊಂಡ ಗುಟ್ಟು, ಅಷ್ಟು ಸುಲಭಕ್ಕೆ ಬಿಡಲು ಮನಸ್ಸಾಗಲಿಲ್ಲ.

ತಮಿಳಿನಲ್ಲಿ ಶುರುಮಾಡಿದೆ. "ನಿಮ್ಮ ಮಗಳು ಎರಡು ಪೇಪರಿನಲ್ಲಿ ಫೇಲಾಗಿದ್ದಾಳೆ. ಈಗ ಕ್ಲಾಸಿಗೂ ಬರುತ್ತಿಲ್ಲ. ಮೊನ್ನೆಯ ಟೆಸ್ಟಿನಲ್ಲಿ ಐವತ್ತಕ್ಕೆ ನಾಲ್ಕು."

ಹುಡುಗಿ ಅಪ್ಪನ ಕಡೆ ತಿರುಗಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಅಪ್ಪಾ, ಮ್ಯಾತ್ಸಲ್ಲಿ ನಾನೇ ಫಸ್ಟು ಅಂತಾವ್ರೆ. ಮೊನ್ನೆ ಟೆಸ್ಟಲ್ಲಿ ಐವತ್ತಕ್ಕೆ ನಲವತ್ನಾಕು."

ನಾಲ್ಕನ್ನು ಹಾಗೇ ಉಳಿಸಿಕೊಂಡು ಅದರ ಹಿಂದೆ ಒಂದು ನಲವತ್ತು ಸೇರಿಸಿದ್ದಳು. ಪೂರ್ತಿ ಸುಳ್ಳು ಹೇಳಲಿಲ್ಲ ಅನ್ನುವ ಸಮಾಧಾನ ಅವಳಿಗಿರಬೇಕು.

"ಪ್ರಶ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ" ಅಂದೆ.

"ಬಾಯ್ಬಿಟ್ರೆ ಮುತ್ತು ಉದುರ್ದಂಗೆ ಅಂತಾವ್ರೆ. ಅದ್ಕೇ ಜೂನಿಯರ್ಗಳಿಗೆ ದಿನಾ ಸಾಯಂಕಾಲ ನೀನೇ ಪಾಠ ಹೇಳ್ಬೇಕು ಅಂತ ನನ್ನ ಕೇಳ್ಕೊಂಡವ್ರೆ."

ನನ್ನ ಪೆನ್ನು ಕೆಳಗೆ ಬಿತ್ತು. ಬಿತ್ತು ಅನ್ನುವುದಕ್ಕಿಂತ ಬೀಳಿಸಿದೆ. ಮೇಜಿನ ಕೆಳಗೆ ಬಗ್ಗಿ, ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು, ಸಾಕಾಗುವಷ್ಟು ನಕ್ಕು, ಕಣ್ಣೊರೆಸಿಕೊಂಡು ಮೇಲೆ ಬಂದೆ. ಅಪ್ಪ ತೊಡೆಯ ಮೇಲಿನ ಚೀಲದ ಮಡಿಕೆ ಸರಿಮಾಡುತ್ತಿದ್ದರು.

"ಸರಿ ಕಣವ್ವ" ಅಂದರು ಮಗಳಿಗೆ, ನಿಧಾನವಾಗಿ. "ಮೇಡಮ್ಮನ್ನ ಒಂದು ಮಾತು ಕೇಳು. ಓದಿದ್ದು ಸಾಕು ಅಂತ ಇವತ್ತೇ ನಿನ್ನ ಮನೇಗೆ ಕರ್ಕೊಂಡೋಗ್ಬುಡ್ಲಾ, ಇಲ್ಲ ಇಲ್ಲೇ ಬಿಟ್ಟೋಗ್ಲಾ? ಅವರು ಹೆಂಗಂದ್ರೆ ಹಂಗೆ."

ಕ್ಲಾಸಿಗೇ ಫಸ್ಟು ಅನ್ನಿಸಿಕೊಂಡ ಮಗಳನ್ನು ಯಾವ ಅಪ್ಪ ಮನೆಗೆ ಕರೆದೊಯ್ಯುತ್ತಾನೆ ಅಂತ ನಾನು ಆಗ ಯೋಚಿಸಲೇ ಇಲ್ಲ. ನನ್ನ ಕಣ್ಣು ಹುಡುಗಿಯ ಕೈ ಮೇಲಿತ್ತು. ಮೇಜಿನ ಅಂಚು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. ಈ ಹುಡುಗಿಗೆ ಕಾಲೇಜು ಬೇಡವಾಗಿಲ್ಲ, ಬೇಕು ಅಂತ ನನಗೆ ಖಾತ್ರಿಯಾದದ್ದು ಆ ಬೆರಳುಗಳನ್ನು ನೋಡಿ. ಅವಳು ನನ್ನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು: "ನಿಮ್ಮದು ಊಟ ಆಯಿತಾ ಅಂತ ಅಪ್ಪ ಕೇಳುತ್ತಿದ್ದಾರೆ ಮೇಡಂ."

ನಾನು ಉತ್ತರಿಸಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. "ಬೇಡ, ಕರೆದುಕೊಂಡು ಹೋಗಬೇಡಿ. ನನಗೆ ಒಂದು ಸೆಮಿಸ್ಟರ್ ಕೊಡಿ. ಅಷ್ಟರೊಳಗೆ ಆಗದಿದ್ದರೆ ನಾನೇ ಬಸ್ಸು ಹತ್ತಿಸಿ ಕಳಿಸುತ್ತೇನೆ." ಮಾತೇನೋ ತಮಿಳೇ, ಆದರೆ ಉತ್ತರ ಕನ್ನಡದ ಪ್ರಶ್ನೆಗೆ.

ಹುಡುಗಿಯ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲಿಗೋ ಇಳಿದುಹೋಯಿತು. ನನ್ನನ್ನೇ ನೋಡಿದಳು. ನಾನು ಅವಳನ್ನೇ ನೋಡಿದೆ. ಆಮೇಲೆ ಆ ಗಟ್ಟಿಗಿತ್ತಿ ಅಪ್ಪನ ಕಡೆ ತಿರುಗಿ ಹೇಳಿದಳು: "ಊಟ ಆಯ್ತಂತೆ."

"ಇಷ್ಟುದ್ದ ಹೇಳಿದ್ರಲ್ಲವ್ವ?"

"ಏನ್ ಪಲ್ಯ ಅಂತಾನೂ ಹೇಳಿದ್ರು."

"ಹಂಗಾ" ಅಂದು ಅಪ್ಪ ಎದ್ದರು. ಒಂದು ಗಳಿಗೆ ನನ್ನ ಮುಖ ನೋಡಿ, ಕೈ ಮುಗಿದು, ಖಾಲಿ ಚೀಲವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಹೊರಟುಹೋದರು. ಬಸ್ಸು ಹತ್ತಿಸಿ ಬರುತ್ತೇನೆ ಅಂತ ಹಿಂದೆಯೇ ಓಡಲು ನೋಡಿದವಳನ್ನು ನಾನು ಬಾಗಿಲಲ್ಲೇ ತಡೆದೆ.

"ಏನ್ ಪಲ್ಯ ಅಂದೆ ನಾನು?" ಕಾಲೇಜಿನ ಕಟ್ಟಡದೊಳಗೆ ನಾನಾಡಿದ ಮೊದಲ ಕನ್ನಡ ವಾಕ್ಯ ಅದು.

"ಹುರುಳಿಕಾಯಿ ಮೇಡಂ" ಅಂದಳು. ಆಮೇಲೆ, "ಯಾವಾಗಿಂದ ಬತ್ತದೆ ಮೇಡಂ ನಿಮ್ಗೆ ಕನ್ನಡ?"

"ಹುಟ್ಟಿದಾಗಿನಿಂದ."

ಅವಳು ಒಂದು ವರ್ಷದ ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಹಾಕುತ್ತಿರುವುದು ಕಾಣಿಸಿತು. "ಅಂಗಾರೆ, ಆ ಕುಕ್ಕರ್ರು..."

"ಅದೂ ಗೊತ್ತು. ಕೂತ್ಕೋ."

ಕೂತಳು. ಅಳಲಿಲ್ಲ. ಅಳುವವಳೇ ಅಲ್ಲ ಅವಳು. ಕೋಟೆ ಮೇಲೆ ಯಾಕೆ ಹೋಗಿ ಕೂರುತ್ತೀಯ ಅಂತ ಈ ಸಲ ಮನೆಮಾತಿನಲ್ಲಿ ಕೇಳಿದೆ. ಉತ್ತರ ಬಂತು. "ಫಸ್ಟ್ ಇಯರಲ್ಲಿ ಗೊತ್ತಿಲ್ಲ ಅಂದ್ರೆ ಹೇಳ್ಕೊಡ್ತಿದ್ರಿ ಮೇಡಂ. ಸೆಕೆಂಡ್ ಇಯರಲ್ಲಿ ಗೊತ್ತಿಲ್ಲ ಅಂದ್ರೆ, ಇದೂ ಗೊತ್ತಿಲ್ವಾ ಅಂತೀರಿ. ಎಲ್ರೂ ತಿರುಗಿ ನೋಡ್ತಾರೆ. ಅದ್ಕೇ ಕೇಳೋದು ಬಿಟ್ಬುಟ್ಟೆ. ಆಮೇಲೆ ಏನೂ ತಿಳೀದೆ ಹೋಯ್ತು. ಆಮೇಲೆ ಬರೋದು ಬಿಟ್ಬುಟ್ಟೆ. ಬೆಟ್ಟದ ಮೇಲೆ ಯಾರೂ ಏನೂ ಕೇಳಲ್ಲ."

ಇದೂ ಗೊತ್ತಿಲ್ಲವಾ ಅಂದವಳು ನಾನೇ. ಯಾವ ದಿನ ಅಂದೆ ಅನ್ನುವುದು ನೆನಪಿಲ್ಲ, ಅಂದಿರುತ್ತೇನೆ. ದಿನಕ್ಕೆ ನಾಲ್ಕು ಸಲ ಅನ್ನುವ ಮಾತು ಅದು. ಎರಡನೇ ವರ್ಷದವರಿಗೆ ಯಾರೂ ಇಲ್ಲ ಅಂತ ಸಭೆಯಲ್ಲಿ ಭಾಷಣ ಮಾಡಿದವಳು ನಾನು. ಒಬ್ಬಳನ್ನು ಬೆಟ್ಟ ಹತ್ತಿಸಿದವಳೂ ನಾನೇ. ನಾಚಿಕೆಯಾಯಿತು. ಹಾಗಂತ ಅವಳೆದುರು ಒಪ್ಪಿಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು. ಬದಲಿಗೆ ಒಪ್ಪಂದ ಮಾಡಿಕೊಂಡೆ. ನನಗೆ ಕನ್ನಡ ಬರುತ್ತದೆ ಅಂತ ಅವಳು ಯಾರಿಗೂ ಹೇಳಬಾರದು. ಅವಳ ತರ್ಜುಮೆಯ ವಿಷಯ ನಾನು ಅವಳಪ್ಪನಿಗೆ ಹೇಳುವುದಿಲ್ಲ.

"ಆದ್ರೆ ಒಂದು" ಅಂದೆ. "ನಿಮ್ಮಪ್ಪನ ಹತ್ರ ಸುಳ್ಳು ಹೇಳಿರೋದು ನನ್ನ ಹೆಸರಲ್ಲಿ. ನನ್ನ ಮಾತು ಸುಳ್ಳಾಗಕೂಡದು. ನಾಳೆಯಿಂದ ಸಾಯಂಕಾಲ ಜೂನಿಯರ್‌ಗಳಿಗೆ ನೀನೇ ಪಾಠ ಹೇಳ್ಬೇಕು. ನಾನು ಕೇಳ್ಕೊಂಡಿದ್ದೀನಲ್ಲ."

"ಅಯ್ಯೋ ಮೇಡಂ, ಅದೇ ಪೇಪರಲ್ಲೇ ನಾನು ಫೇಲಾಗಿರೋದು."

"ನಂಗೊತ್ತು. ಅವರಿಗೆ ಗೊತ್ತಿಲ್ಲ."

ಸೈಕಲ್ ಸ್ಟ್ಯಾಂಡಿನ ಪಕ್ಕದ ಹೊಂಗೆ ಮರದ ಕೆಳಗೆ ಶುರುವಾಯಿತು. ಮೊದಲ ವರ್ಷದ ನಾಲ್ವರು ಹುಡುಗಿಯರನ್ನು ನಾನೇ ಗದರಿಸಿ ಕಳಿಸಿದ್ದೆ. ನನ್ನ ರೂಮಿನ ಕಿಟಕಿ ಆ ಕಡೆಗೇ ತೆರೆದುಕೊಳ್ಳುತ್ತದೆ. ಪೇಪರ್ ತಿದ್ದುವ ನೆಪದಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಕೇಳಿಸಿಕೊಂಡೆ. ಮೊದಲ ದಿನ ಅವಳು ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳಿದಳು, ಅಷ್ಟೆ. ಒಬ್ಬಳು ಸಂದೇಹ ಕೇಳಿದಳು. ಇವಳು ಬಹಳ ಗಂಭೀರವಾಗಿ, "ಅದನ್ನ ನಾಳೆ ಮಾಡಾಣ, ಇವತ್ತಿಗೆ ಇಷ್ಟು ಸಾಕು" ಅಂದಳು. ಎರಡು ನಿಮಿಷದಲ್ಲಿ ಏದುಸಿರು ಬಿಡುತ್ತಾ ನನ್ನ ಬಾಗಿಲಲ್ಲಿದ್ದಳು.

"ಮೇಡಂ, ಇಲ್ಲಿ ಇದ್ಯಾಕೆ ಮೈನಸ್ ಬಂತು?"

ಯಾಕೆ ಬಂತು ಅಂತ ನಿದ್ದೆಯಲ್ಲೂ ಹೇಳಬಲ್ಲೆ ನಾನು. ಪುಸ್ತಕ ಇಸಿದುಕೊಂಡು, ಕನ್ನಡಕ ಏರಿಸಿ, ಇಳಿಸಿ, ತಲೆ ಕೆರೆದುಕೊಂಡೆ. "ಅಯ್ಯೋ, ನಂಗೂ ಮರ್ತೋಗಿದೆ. ಹಿಂದಿನ ಪುಟ ನೋಡೋಣ ತಡಿ. ನಿಂಗೇನನ್ಸುತ್ತೆ?"

ಅವಳು ಸಂಶಯದಿಂದ ನನ್ನನ್ನು ನೋಡಿದಳು. ಈ ಮೇಡಮ್ಮನ್ನು ನಂಬಬಾರದು ಅನ್ನುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಆದರೂ ಪುಟ ತಿರುಗಿಸಿದಳು. ಅರ್ಧ ಗಂಟೆ ಆದ ಮೇಲೆ ನನಗೇ ವಿವರಿಸಿದಳು, ಮೈನಸ್ ಯಾಕೆ ಬಂತು ಅಂತ. ಹೌದಲ್ಲವಾ ಅಂತ ಬಾಯಿ ತೆರೆದು ಕೇಳಿದೆ. ನಾಟಕ ಅತಿಯಾಯಿತೇನೋ, ಅವಳು ನಕ್ಕಳು. ನಾನು ಅವಳ ನಗು ನೋಡಿದ್ದು ಅವತ್ತೇ ಮೊದಲು.

ಆಮೇಲೆ ದಿನಾ ಇದೇ ಆಟ. ಹೊಂಗೆ ಮರದ ಕೆಳಗೆ ನಾಲ್ವರು ಇದ್ದದ್ದು ಒಂಬತ್ತಾಯಿತು, ಹದಿನಾಲ್ಕಾಯಿತು. ತೆಲುಗಿನವರಿಗೆ ತೆಲುಗಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ, ಉಳಿದವರಿಗೆ ತಮಿಳಿನಲ್ಲಿ ಒಂದೇ ಲೆಕ್ಕವನ್ನು ಮೂರು ಸಲ ಹೇಳುತ್ತಿದ್ದಳು. ಮೂರು ಸಲ ಹೇಳಿದ್ದು ಮರೆಯುತ್ತದೆಯೇ. ಒಂದು ಸಲ ಒಬ್ಬ ಹುಡುಗಿ ತೀರಾ ಸುಲಭದ್ದೊಂದು ಕೇಳಿದಾಗ, ನಾನು ಕಿಟಕಿಯ ಈಚೆ ಉಸಿರು ಬಿಗಿಹಿಡಿದೆ. ಇವಳು, "ಒಳ್ಳೇದು ಕೇಳ್ದೆ, ನಂಗೂ ಮೊದ್ಲು ತಿಳೀತಿರ್ಲಿಲ್ಲ" ಅಂದಳು. ಆ ವಾಕ್ಯವನ್ನು ನಾನು ಅವಳಿಂದ ಕದ್ದು, ಈಗ ಕ್ಲಾಸಿನಲ್ಲಿ ದಿನಾ ಬಳಸುತ್ತೇನೆ. ರಾಯಕೋಟೆ ಬಸ್ಸಿನ ಸುದ್ದಿ ಕ್ಯಾಂಟೀನಿನಲ್ಲಿ ಆಮೇಲೆ ಕೇಳಿಬರಲಿಲ್ಲ.

ಎಲ್ಲ ಸಲೀಸಾಗಿ ನಡೆಯಿತು ಅಂತ ಬರೆದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ. ನಡುವೆ ಒಂದು ಟೆಸ್ಟಿನಲ್ಲಿ ಮತ್ತೆ ಹನ್ನೊಂದು ತೆಗೆದಳು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು, ನಾನೂ ಊದಿಸಿಕೊಂಡು ಓಡಾಡಿದೆ. ಅವಳಪ್ಪನಿಗೆ ಕೊಟ್ಟ ಮಾತು ರಾತ್ರಿ ಅನ್ನ ಕಲಸುವಾಗಲೂ ನೆನಪಾಗುತ್ತಿತ್ತು. ಸಮಾಧಾನಕ್ಕೆ ಇದ್ದದ್ದು ಒಂದೇ, ಆ ಮಾತು ಆ ಮನುಷ್ಯನಿಗೆ ತಿಳಿದೇ ಇಲ್ಲವಲ್ಲ ಅನ್ನುವುದು. ಅವರ ಪಾಲಿಗೆ ನಾನು ಹುರುಳಿಕಾಯಿ ಪಲ್ಯ ತಿಂದ ಮೇಡಮ್ಮು.

ಜನವರಿ ಕೊನೆಗೆ ಫಲಿತಾಂಶ ಬಂತು. ಹಳೆಯ ಎರಡೂ ಪೇಪರ್ ಪಾಸು, ಹೊಸವೂ ಎಲ್ಲ ಪಾಸು. ನನ್ನ ಪೇಪರಿನಲ್ಲಿ ಅರವತ್ತೆಂಟು. ಫಸ್ಟಲ್ಲ. ಕಬಡ್ಡಿ ಹುಡುಗ ಅವಳಿಗಿಂತ ಎರಡು ಅಂಕ ಹೆಚ್ಚು ತೆಗೆದು ಎಲ್ಲರನ್ನೂ ಬೆಚ್ಚಿಬೀಳಿಸಿದ್ದ. ಅಪ್ಪನನ್ನು ಕರೆದುಕೊಂಡು ಬಾ ಅಂದೆ. ಈ ಸಲ ಹೇಳುವಾಗ ಸೀಟಿ ಇರಲಿಲ್ಲ.

ಅದೇ ಬಿಳಿ ಪಂಚೆ, ಅದೇ ಟವಲು. ಈ ಸಲ ಗೋಣಿಚೀಲ ತುಂಬಿತ್ತು. ಬಾಗಿಲಲ್ಲಿ ಇಳಿಸುತ್ತಿದ್ದ ಹಾಗೇ ಸೊಗಡು ಅವರೆಕಾಯಿಯ ವಾಸನೆ ರೂಮೆಲ್ಲ ತುಂಬಿಕೊಂಡಿತು. ಒಪ್ಪಂದದ ಪ್ರಕಾರ ನಾನು ತಮಿಳಿನಲ್ಲೇ ಮಾತಾಡಬೇಕು, ಅವಳೇ ತರ್ಜುಮೆ ಮಾಡಬೇಕು. ನನಗೆ ಕನ್ನಡ ಬರುತ್ತದೆ ಅಂತ ಗೊತ್ತಾದರೆ ಹಳೆಯ ಸುಳ್ಳೂ ಹೊರಗೆ ಬೀಳುತ್ತದಲ್ಲ. ಸರಿ, ಮನಸ್ಸು ಬಿಚ್ಚಿ ತಮಿಳಿನಲ್ಲಿ ಹೇಳಿದೆ. "ಎರಡೂ ಅರಿಯರ್ ತೆಗೆದುಹಾಕಿದ್ದಾಳೆ. ಹದಿನಾಲ್ಕು ಮಕ್ಕಳಿಗೆ ಪಾಠ ಹೇಳಿದ್ದಾಳೆ, ಅವರಲ್ಲಿ ಒಬ್ಬಳೂ ಫೇಲಾಗಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೇಳಿಕೊಡುವ ಹುಡುಗಿಯನ್ನು ನಾನು ಕಂಡಿಲ್ಲ. ಇವಳು ಮುಂದೆ ಎಂ.ಎಸ್ಸಿ. ಓದಬೇಕು, ಟೀಚರ್ ಆಗಬೇಕು. ನಾನು ಬರೆದುಕೊಡುತ್ತೇನೆ."

ಹುಡುಗಿಯ ಕಿವಿ ಕೆಂಪಾಯಿತು. ನೆಲ ನೋಡುತ್ತಾ, "ಪರವಾಗಿಲ್ಲ ಅಂತಾವ್ರೆ ಅಪ್ಪಾ" ಅಂದಳು.

"ಅಷ್ಟೇನಾ?"

"ಅಷ್ಟೇ." ಇನ್ನು ಅಲ್ಲಿ ನಿಲ್ಲಲಾಗದೆ, "ಟೀ ತತ್ತೀನಿ" ಅಂತ ಕ್ಯಾಂಟೀನಿಗೆ ಓಡಿದಳು. ಸುಳ್ಳು ಹೇಳುವಾಗ ಅಲುಗದ ಮುಖ, ನಿಜ ಹೇಳಬೇಕಾಗಿ ಬಂದಾಗ ಹೀಗಾಯಿತು.

ಅವಳ ಚಪ್ಪಲಿ ಸದ್ದು ಮೆಟ್ಟಿಲಿಳಿಯುವ ತನಕ ಅಪ್ಪ ಕಾದರು. ಆಮೇಲೆ ನನ್ನ ಕಡೆ ತಿರುಗಿ, "ರೊಂಬ ಸಂತೋಷಂ ಮೇಡಂ" ಅಂದರು. ಅದಾದ ಮೇಲೆ ಇನ್ನೂ ನಾಲ್ಕು ವಾಕ್ಯ. ಒಂದಾದ ಮೇಲೊಂದು, ಎಲ್ಲೂ ತಡವರಿಸದ ತಮಿಳು. ನನ್ನದಕ್ಕಿಂತ ಚೆನ್ನಾಗಿತ್ತು.

ನನ್ನ ಮುಖ ಹೇಗಾಗಿತ್ತೋ, ಅವರಿಗೆ ನಗು ಬಂತು. ಕನ್ನಡಕ್ಕೆ ಹೊರಳಿಕೊಂಡರು. "ಇವಳು ಹುಟ್ಟೋಕೆ ಮುಂಚೆ ಕೃಷ್ಣಗಿರಿ ಮಾವಿನಕಾಯಿ ಮಂಡೀಲಿ ಹದಿನೈದು ವರ್ಷ ಮೂಟೆ ಹೊತ್ತಿವ್ನಿ ತಾಯಿ. ತಮಿಳು ಬರ್ದೆ ಇರ್ತದಾ? ನಿಮ್ಗೆ ಕನ್ನಡ ಬತ್ತದೆ ಅಂತ ನಂಗೂ ಅವತ್ತೇ ತಿಳೀತು. ಪೆನ್ನು ಹುಡುಕ್ತೀನಿ ಅಂತ ಮೇಜಿನ ಕೆಳಗೆ ಹೋದ್ರಲ್ಲ, ಭುಜ ಅಲ್ಲಾಡ್ತಿತ್ತು."

ಚಾಪೆಯ ಕೆಳಗೆ ತೂರಿದ್ದೇನೆ ಅಂತ ನಾನು ಬೀಗುತ್ತಿದ್ದೆ. ಈ ಮನುಷ್ಯ ಸದ್ದಿಲ್ಲದೆ ರಂಗೋಲಿಯ ಕೆಳಗೆ ತೂರಿದ್ದರು. ಐವತ್ತಕ್ಕೆ ನಾಲ್ಕು, ಎರಡು ಪೇಪರ್ ಫೇಲು, ಬಾಯಿ ಬಿಡುವುದಿಲ್ಲ ಅಂದದ್ದು, ಎಲ್ಲ ಅವತ್ತೇ ಅವರಿಗೆ ತಲುಪಿತ್ತು. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ.

ಅವರು ಕಾಲಿನಿಂದ ಗೋಣಿಚೀಲವನ್ನು ಮೆಲ್ಲಗೆ ಮುಟ್ಟಿದರು. "ಈ ಚೀಲ ಅವತ್ತು ಯಾಕೆ ತಂದಿದ್ದೆ ಗೊತ್ತಾ. ಅವಳ ಹಾಸಿಗೆ, ತಟ್ಟೆ, ಲೋಟ ತುಂಬ್ಕೊಂಡು ಹೋಗಕ್ಕೆ. ರಾಯಕೋಟೇಲಿ ಒಬ್ಳೇ ಕುಂತಿರ್ತಾಳೆ ಅಂತ ನಮ್ಮೂರೋರು ಕಂಡು ಹೇಳಿದ್ರು. ಇನ್ನು ಬಿಡಬಾರ್ದು ಅಂತ್ಲೇ ಬಂದಿದ್ದೆ. ನೀವು ಒಂದು ಸೆಮಿಸ್ಟರ್ ಕೊಡಿ ಅಂತ ಕೇಳಿದ್ರಿ. ಕೊಟ್ಟೆ."

ಅಷ್ಟು ತಿಂಗಳು ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದ ಮಾತನ್ನು ಅವರೂ ಹೊತ್ತಿದ್ದರು, ಕಾಡಿನಾಚೆಯ ಊರಿನಲ್ಲಿ ಕೂತು, ಯಾರಿಗೂ ಹೇಳದೆ. ಬಾಯಿಗೆ ಬಂದದ್ದನ್ನು ಕೇಳಿದೆ: ಇಷ್ಟು ತಮಿಳು ಬರುವಾಗ ರೇಷನ್ ಆಫೀಸಿಗೆ, ಬ್ಯಾಂಕಿಗೆ ಅವಳನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ, ಇವತ್ತಿಗೂ ಯಾಕೆ ಬಾರದವರ ಹಾಗೆ ಕೂರುತ್ತೀರಿ.

"ನಾನೇ ಮಾತಾಡ್ಬುಟ್ರೆ" ಅಂದರು, "ಅವಳು ಯಾವಾಗ ಮಾತಾಡೋದು?"

ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು ಕೇಳಿಸಿತು. ಅವರು ಟವಲು ಸರಿಮಾಡಿಕೊಂಡು ಮತ್ತೆ ನೆಲ ನೋಡತೊಡಗಿದರು. ಹುಡುಗಿ ಮೂರು ಲೋಟ ಟೀ ಹಿಡಿದು ಒಳಗೆ ಬಂದು, ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿದಳು. ನಾನು ಕನ್ನಡಕ ತೆಗೆದು ಒರೆಸುತ್ತಿದ್ದೆ.

"ಮೇಡಮ್ಮ ಏನೋ ಕೇಳಿದ್ರು ಕಣವ್ವ" ಅಂದರು ಅಪ್ಪ. "ನಂಗೆ ತಿಳೀಲಿಲ್ಲ. ಏನು ಅಂತ ಕೇಳ್ಹೇಳು."

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಕನ್ನಡಕ ಏರಿಸಿಕೊಂಡೆ. ಆಮೇಲೆ ತಮಿಳಿನಲ್ಲಿ ಹೇಳಿದೆ, ಊಟ ಆಯಿತಾ ಅಂತ ಕೇಳಿದೆ ಅಷ್ಟೆ.

"ಊಟ ಆಯ್ತಾ ಅಂತ ಕೇಳ್ತಾವ್ರೆ ಅಪ್ಪಾ" ಅಂದಳು. ಆ ರೂಮಿನಲ್ಲಿ ಅವಳು ಮಾಡಿದ ತರ್ಜುಮೆಗಳಲ್ಲಿ ಒಂದಕ್ಷರವೂ ಹೆಚ್ಚು ಕಡಿಮೆಯಿಲ್ಲದ್ದು ಅದೊಂದೇ.

"ಇನ್ನೂ ಇಲ್ಲ ಅನ್ನು" ಅಂದರು ಅಪ್ಪ. "ಅವರೇಕಾಯಿ ತಂದಿವ್ನಿ, ಮನೇಲಿ ಸಾರು ಮಾಡ್ಕೊಳ್ಳಿ ಅಂತ ಹೇಳು. ಚೀಲ ವಾಪಸ್ಸು ಬೇಡ ಅನ್ನು."